ನಾಲೆಯ ಬಯಲಿನ ಮನೆಬೇಸಾಯ

ಶ್ರೀರಂಗಪಟ್ಟಣದಿಂದ ಬನ್ನೂರಿಗೆ ಹೋಗುವ ರಸ್ತೆಯಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿರಬಹುದು. ಕರಿಘಟ್ಟದ ಗುಡ್ಡ ಹಿಂದೆ ಸರಿದ ಮೇಲೆ ರಸ್ತೆಯ ಎರಡು ಬದಿಗೂ ಗದ್ದೆಯ ಬಯಲು ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ತೆಂಗು, ಅಲ್ಲಲ್ಲಿ ಕಬ್ಬು, ನಡುವೆ ತುಂಬಿ ಹರಿಯುವ ನಾಲೆ. ಈ ದಾರಿಯಲ್ಲಿ ಸಿಕ್ಕುವ ಹೋಬಳಿಯ ಊರು ಅರಕೆರೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಇದು ಕಣ್ಣಿಗೆ ತಂಪಾದ ಹಸುರು, ಅಷ್ಟೆ. ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ. ಈ ನೆಲದಲ್ಲಿ ಮುನ್ನೂರು ವರ್ಷಗಳಿಗೂ ಮಿಕ್ಕಿ ಭತ್ತ ಬೆಳೆಯುತ್ತ ಬಂದಿದ್ದಾರೆ. ತಂದೆಯ ಗದ್ದೆಯನ್ನು ಮಗ, ಮಗನ ಗದ್ದೆಯನ್ನು ಮೊಮ್ಮಗ ಉತ್ತಿದ್ದಾರೆ. ಪ್ರತಿ ವರ್ಷವೂ ಮಣ್ಣಿನಿಂದ ಇಷ್ಟೊಂದು ಕಾಳನ್ನು ಕಸಿದುಕೊಂಡರೂ ಆ ಮಣ್ಣು ಬರಿದಾಗಲಿಲ್ಲವೇಕೆ?

ಈ ಪ್ರಶ್ನೆಗೆ ಉತ್ತರವನ್ನು ರಾಜರ ಚರಿತ್ರೆಯಲ್ಲಿ ಸ್ವಲ್ಪ, ಒಕ್ಕಲಿನ ಮನೆಯ ಹಿತ್ತಿಲಿನಲ್ಲಿ ಬಹಳವಾಗಿ ಹುಡುಕಬೇಕಾಗುತ್ತದೆ.

ಮೊದಲು ನೀರಿನ ಕಥೆ. ಇದು ಮಳೆಯನ್ನೇ ನೆಚ್ಚಿಕೊಂಡು ಭತ್ತ ಬೆಳೆಯುವ ನಾಡಲ್ಲ. ಮಂಡ್ಯದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 28 ಅಂಗುಲದಷ್ಟು. ಅದು ರಾಗಿಗೆ ಸಾಕು, ಭತ್ತಕ್ಕೆ ಸಾಲದು. ಆದ್ದರಿಂದ ಇಲ್ಲಿಯ ಜನ ಹಿಂದಿನಿಂದಲೂ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ, ನದಿಯ ನೀರನ್ನು ದಂಡೆಯ ಉದ್ದಕ್ಕೂ ನಾಲೆಯಲ್ಲಿ ತಿರುಗಿಸಿಕೊಂಡರು. ಕಂಠೀರವ ನರಸರಾಜ ಒಡೆಯರ (1638–1659) ಕಾಲದ ಬಂಗಾರದೊಡ್ಡಿ ನಾಲೆ ಕಾಲುವೆಯ ಸೇತುವೆಯೊಂದರ ಮೇಲೆ ನದಿಯ ಕವಲನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೇ ನೀರು ತಂದಿತು. ಚಿಕ್ಕದೇವರಾಜ ಒಡೆಯರ (1673–1704) ಹೆಸರಿನ ನಾಲೆ ಎಡದಂಡೆಯ ಬಯಲನ್ನು ಗದ್ದೆಯಾಗಿ ಮಾಡಿತು. ಬಲದಂಡೆಗೆ ವಿರಿಜಾ ನಾಲೆ ಇದೆ. ರಂಗನತಿಟ್ಟಿನ ಹಕ್ಕಿಗಳನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವಾಗ ಇದನ್ನೂ ನೆನೆಯಿರಿ: ಅಲ್ಲಿಯ ನಡುಗಡ್ಡೆಗಳು ಅಂದಿನ ಒಡ್ಡಿನಿಂದ ಉಂಟಾದವು. ನೀರಾವರಿಗೆಂದು ಮಾಡಿದ ಕೆಲಸ ಹಕ್ಕಿಗಳಿಗೂ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ರಕ್ಷಿತ ಪಕ್ಷಿಧಾಮವಾಯಿತು. ಆ ಹಕ್ಕಿಗಳು ಸುತ್ತಲಿನ ಗದ್ದೆಗಳ ಕಪ್ಪೆ, ಮೀನು, ಹುಳುಗಳನ್ನು ಹೆಕ್ಕಿ ಮರಿಗಳನ್ನು ಸಾಕುತ್ತವೆ. ಗದ್ದೆಗೆ ಏನನ್ನು ಸುರಿಯುತ್ತೇವೆಂಬುದು ಗದ್ದೆಯವನ ಸ್ವಂತ ವಿಷಯ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ನಾಲೆ ತೋಡಿಸಿದವರು ಅರಸರು. ಅದನ್ನು ದಿನದಿನವೂ ನಡೆಸಿದವರು ಊರಿನವರು. ಹಳ್ಳಿಯ ಆಯಗಾರರಲ್ಲಿ ನೀರುಗಂಟಿಯೂ ಒಬ್ಬ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ತೂಬನ್ನು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನ ಕೈಯಲ್ಲಿತ್ತು. ಅವನಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಕಾಳು. ಬೆಳೆ ಬಂದರೆ ಅವನಿಗೂ ಬಂತು. ಇಲ್ಲವಾದರೆ ಅವನಿಗೂ ಇಲ್ಲ.

ಇನ್ನು ನೆಲದ ಹಕ್ಕಿನ ಮಾತು. ಕೃಷ್ಣರಾಜಸಾಗರಕ್ಕೆ ಹೋದಾಗ ನಾವೆಲ್ಲ ಬೃಂದಾವನದ ದೀಪಗಳನ್ನು ನೋಡಿ ಬರುತ್ತೇವೆ. ಅಣೆಕಟ್ಟಿನ ಬಾಗಿಲ ಬಳಿ ಒಂದು ಪಾರಸಿ ಶಾಸನವಿದೆ; ಅದರ ಮುಂದೆ ನಿಲ್ಲುವವರು ಕಡಿಮೆ. 18ನೆಯ ಶತಮಾನದ ಕೊನೆಯ ದಶಕದಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಕಟ್ಟೆ ಕಟ್ಟಿಸಬೇಕೆಂದು ಅಸ್ತಿಭಾರ ಹಾಕಿಸಿದಾಗ ಕೆತ್ತಿಸಿದ್ದು ಅದು. 1799ರಲ್ಲಿ ಆತ ಮಡಿದನು, ಕಟ್ಟೆ ಏಳಲಿಲ್ಲ. ಆದರೆ ಶಾಸನದ ತಾತ್ಪರ್ಯ ಗಮನಾರ್ಹವಾದದ್ದು. ಈ ನೀರಿನಿಂದ ಪಾಳು ನೆಲವನ್ನು ಹೊಸದಾಗಿ ಸಾಗುವಳಿ ಮಾಡುವವನಿಗೆ ಇತರರು ಕೊಡುವ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ಬಿಡುವುದು. ಆ ನೆಲ ಅವನಿಗೂ ಅವನ ಸಂತತಿಗೂ ಭೂಮ್ಯಾಕಾಶಗಳಿರುವ ತನಕ ಸಲ್ಲುವುದು. ಆಡಳಿತ ಮಾಡುವವರಿಗೆ ಒಂದು ಸಂಗತಿ ತಿಳಿದಿತ್ತೆಂದು ಇದರಿಂದ ಗೊತ್ತಾಗುತ್ತದೆ. ನಾಳೆ ಬಿಟ್ಟುಹೋಗಬೇಕಾದ ನೆಲಕ್ಕೆ ಯಾರೂ ಗೊಬ್ಬರ ಹೊರುವುದಿಲ್ಲ. ಮೊಮ್ಮಗನಿಗೆ ಸಲ್ಲುವ ನೆಲಕ್ಕೆ ಹೊರುತ್ತಾರೆ.

ಆ ಹೊತ್ತಿನ ಬೇಸಾಯ ಹೇಗಿತ್ತೆಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಕಂಪನಿ ಸರ್ಕಾರದ ವೈದ್ಯ, ಗಿಡಮೂಲಿಕೆಗಳನ್ನು ಬಲ್ಲವನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದನು. ಅವನ ಪ್ರವಾಸದ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಶ್ರೀರಂಗಪಟ್ಟಣದ ಸುತ್ತಿನ ಒಕ್ಕಲುತನವನ್ನು ಅವನು ಬಹು ವಿವರವಾಗಿ ಬಣ್ಣಿಸಿದ್ದಾನೆ. ಭತ್ತ ಬಿತ್ತುವುದರಲ್ಲಿ ಮೂರು ಪದ್ಧತಿ: ಒಣ ಬೀಜವನ್ನು ಬಿತ್ತುವ ಬರ ಭತ್ತ, ಮೊಳಕೆ ಬರಿಸಿ ಕೆಸರಿಗೆ ಚೆಲ್ಲುವ ಮೊಳೆ ಭತ್ತ, ಒಟ್ಲಿನಿಂದ ಕಿತ್ತು ನೆಡುವ ನಾಟಿ. ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದನ್ನು ನೋಡಿಕೊಂಡು ರೈತ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದನು. ಎಕ್ಕ, ಹೊಂಗೆ ಮುಂತಾದವುಗಳ ಸೊಪ್ಪನ್ನು ಕೆಸರಿನಲ್ಲಿ ತುಳಿದು ಕೊಳೆಸುವುದನ್ನೂ, ರಾಗಿಯ ಹೊಲದಲ್ಲಿ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವುದನ್ನೂ ಬುಕಾನನ್ ಗುರುತಿಸಿದ್ದಾನೆ. ಯುದ್ಧ ಮುಗಿದು ಇನ್ನೂ ಒಂದು ವರ್ಷ; ಆದರೂ ಜನ ಇಷ್ಟನ್ನೂ ಬಿಟ್ಟಿರಲಿಲ್ಲ.

ಈ ಬೇಸಾಯದ ಗುಟ್ಟು ಒಂದೇ ಮಾತಿನಲ್ಲಿ ಹೇಳುವುದಾದರೆ, ಹೊಲದಿಂದ ಹೋದದ್ದು ಹೊಲಕ್ಕೆ ಹಿಂದಿರುಗಬೇಕು ಎಂಬುದು. ಕಾಳು ಮನೆಗೆ, ಹುಲ್ಲು ಕೊಟ್ಟಿಗೆಗೆ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆನೆದ ಕಸ, ಒಲೆಯ ಬೂದಿ, ಮನೆ ಗುಡಿಸಿದ ಮಣ್ಣು ಎಲ್ಲವೂ ತಿಪ್ಪೆಯ ಗುಂಡಿಗೆ. ಗುಂಡಿಯ ಗೊಬ್ಬರ ಮತ್ತೆ ಹೊಲಕ್ಕೆ. ಬೇಸಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಅಂಗಳದ ಗೋಡನ್ನು ಹೊಲಕ್ಕೆ ಹೊಡೆಯುವುದು ಇನ್ನೊಂದು ಕ್ರಮ. ಮಳೆ ಕೊಚ್ಚಿಕೊಂಡು ಹೋಗಿದ್ದ ಮೇಲ್ಮಣ್ಣು ಹೀಗೆ ಹೊಲಕ್ಕೆ ಮರಳುತ್ತಿತ್ತು, ಕೆರೆಯೂ ಆಳವಾಗುತ್ತಿತ್ತು. ಒಂದು ಕೆಲಸಕ್ಕೆ ಎರಡು ಫಲ. ಕೊಯ್ಲಾದ ಮೇಲೆ ಕುರಿಯವರನ್ನು ಕರೆಸಿ ಹೊಲದಲ್ಲಿ ಮಂದೆ ಹಾಕಿಸುತ್ತಿದ್ದರು. ಬನ್ನೂರು ಕುರಿಯೆಂದು ನೀವು ಕೇಳಿರುವ ಗಿಡ್ಡ ಕಾಲಿನ ತಳಿ ಈ ಸೀಮೆಯದೇ.

ದನಗಳ ಮಾತು ಬಂದಾಗ ಕಾವಲುಗಳನ್ನು ಮರೆಯುವಂತಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಈ ಇಲಾಖೆಗೆಂದು ಸೀಮೆಯುದ್ದಕ್ಕೂ ಹುಲ್ಲುಗಾವಲುಗಳನ್ನು ಬಿಡಲಾಗಿತ್ತು, ಅವೇ ಕಾವಲುಗಳು. ಹಳ್ಳಿಗೂ ಅದರದೇ ಗೋಮಾಳ, ಗುಂಡುತೋಪು ಇರುತ್ತಿದ್ದವು. ಮೇಯಲು ನೆಲವಿಲ್ಲದೆ ದನವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಗದ್ದೆಯಿಲ್ಲ. ಹೀಗೆ ಒಬ್ಬನ ಗದ್ದೆಯ ಬಾಳು ಎಲ್ಲರ ಗೋಮಾಳದ ಮೇಲೆ ನಿಂತಿತ್ತು.

ನಾಲೆಯ ಮೇಲುಗಡೆಯ ಬೆದ್ದಲು ಹೊಲಕ್ಕೆ ಬನ್ನಿ. ಅಲ್ಲಿ ರಾಗಿಯೇ ರಾಜ. ಕೂರಿಗೆಯಲ್ಲಿ ರಾಗಿ ಬಿತ್ತುತ್ತ ಹೋದಂತೆ ಇಷ್ಟಿಷ್ಟು ಸಾಲಿಗೊಮ್ಮೆ ಬೇರೆ ಕಾಳು ಬಿಡುತ್ತಾರೆ. ಇದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಕೂರಿಗೆಯ ಹಿಂದೆ ಕಟ್ಟಿದ ಸಡ್ಡೆಯಲ್ಲಿ ಮನೆಯ ಹೆಣ್ಣುಮಗಳು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳನ್ನು ಬೆರೆಸಿ ಬಿಡುತ್ತ ನಡೆಯುವುದನ್ನು ನಿಮ್ಮಲ್ಲಿ ಹಳ್ಳಿಯಿಂದ ಬಂದವರು ಚಿಕ್ಕಂದಿನಲ್ಲಿ ನೋಡಿದ್ದೀರಿ. ಅಂಚಿಗೆ ನಾಲ್ಕು ಹರಳು ಗಿಡ. ಅವರೆ ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆಂದು ವಿಜ್ಞಾನ 19ನೆಯ ಶತಮಾನದ ಕೊನೆಗೆ ಕಂಡುಹಿಡಿಯಿತು. ನಮ್ಮ ಅಜ್ಜಿಯರಿಗೆ ಸಾರಜನಕದ ಹೆಸರು ಗೊತ್ತಿರಲಿಲ್ಲ. ಅಕ್ಕಡಿ ಇಟ್ಟ ಹೊಲ ಮುಂದಿನ ವರ್ಷ ಚೆನ್ನಾಗಿರುತ್ತದೆಂಬುದು ಗೊತ್ತಿತ್ತು. ಮಳೆ ಬೇಗ ನಿಂತು ರಾಗಿ ಸೊರಗಿದರೂ ಹಿಂಗಾರಿನ ಇಬ್ಬನಿಯಲ್ಲಿ ಅವರೆಯಾದರೂ ಕೈಗೆ ಬರುತ್ತದೆಂಬುದೂ ಗೊತ್ತಿತ್ತು.

ಬೀಜವೂ ಮನೆಯದೇ. ಕಣದಲ್ಲಿ ಒಳ್ಳೆಯ ತೆನೆಗಳನ್ನು ಬೇರೆ ಮಾಡಿ, ಒಣಗಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪಿಟ್ಟು, ಸಗಣಿ ಬಳಿದ ಬುಟ್ಟಿಯಲ್ಲಿ ಕಾಪಾಡುತ್ತಿದ್ದವರು ಹೆಂಗಸರು. ಸೋರೆ, ಹೀರೆಯ ಬೀಜದ ಕಾಯಿ ಒಲೆಯ ಮೇಲೆ ಹೊಗೆಯಲ್ಲಿ ತೂಗುತ್ತಿತ್ತು. ತಗ್ಗಿನ ಗದ್ದೆಗೆ ಒಂದು ಭತ್ತ, ದಿಬ್ಬದ ಗದ್ದೆಗೆ ಒಂದು, ಹಬ್ಬದ ಪಾಯಸಕ್ಕೆ ಒಂದು, ಬಾಣಂತಿಗೆ ಒಂದು. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಹಾಲುಬ್ಬಲು: ಹೆಸರನ್ನು ಹೇಳಿದರೇ ಬಾಯಿ ತಣ್ಣಗಾಗುತ್ತದೆ.

ಇದನ್ನೆಲ್ಲ ಓದಿ, ಹಿಂದಿನದೆಲ್ಲ ಚಿನ್ನವೇ ಆಗಿತ್ತೆಂದು ನೀವು ಭಾವಿಸಬಾರದು. ನಾಲೆಯ ನೀರು ಹತ್ತಿದ ನೆಲ ಬಹು ಸ್ವಲ್ಪ. ಅದರಾಚೆಗೆ ಮಳೆ ತಪ್ಪಿದರೆ ಹಗೇವಿನ ರಾಗಿಯೇ ಗತಿ; ಅದೂ ಮುಗಿದರೆ ಸಾವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷಕ್ಕೆ ಮೇಲಿದ್ದರು. 1876–78ರ ಕ್ಷಾಮದ ನಂತರ 1881ರಲ್ಲಿ ಎಣಿಸಿದಾಗ ಉಳಿದದ್ದು 42 ಲಕ್ಷಕ್ಕೂ ಕಡಿಮೆ. ಇನ್ನೊಂದು ಮಾತು: ಗೊಬ್ಬರ ಹೊತ್ತವರೆಲ್ಲ ನೆಲದ ಒಡೆಯರಾಗಿರಲಿಲ್ಲ. ಸಾಲಕ್ಕೆ ಜೀತವಿದ್ದು ಇನ್ನೊಬ್ಬರ ಗದ್ದೆಯಲ್ಲಿ ಬಾಳು ಸವೆಸಿದ ಕುಟುಂಬಗಳು ಎಷ್ಟೋ. ಗೇಣಿದಾರನಿಗೆ ಉಳುವ ನೆಲದ ಮೇಲೆ ಗಟ್ಟಿಯಾದ ಹಕ್ಕು ಬಂದದ್ದು 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನಿನಿಂದ. ಜೀತ ಕಾನೂನಿನಂತೆ ಕೊನೆಗೊಂಡದ್ದು 1976ರಲ್ಲಿ. ಮಣ್ಣನ್ನು ಕಾಪಾಡಿದ ಜಾಣತನವನ್ನು ಹೊಗಳುವಾಗ, ಆ ಜಾಣತನ ಯಾರ ಬೆನ್ನ ಮೇಲೆ ನಿಂತಿತ್ತೆಂಬುದನ್ನು ಮುಚ್ಚಿಡುವುದು ಚರಿತ್ರೆಯಾಗದು.

ಕ್ಷಾಮದ ಆ ನೆನಪು ಹೊಸ ಯುಗಕ್ಕೆ ಒಂದು ಕಾರಣವಾಯಿತು. 1911ರಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯಂತೆ ಕೃಷ್ಣರಾಜಸಾಗರದ ಕೆಲಸ ಪ್ರಾರಂಭವಾಗಿ ಇಪ್ಪತ್ತು ವರ್ಷಗಳ ಕಾಲ ನಡೆಯಿತು. ಆಗ ಇರ್ವಿನ್ ನಾಲೆಯೆಂದು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣ ನೆಲಕ್ಕೆ ನೀರು ತಂದಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1931ರಲ್ಲಿ ಮಂಡ್ಯದ ವಿ. ಸಿ. ಫಾರಂ ಹುಟ್ಟಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. 1940ರ ಸುಮಾರಿಗೆ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲೇ ರಾಸಾಯನಿಕ ಗೊಬ್ಬರದ ಕಾರ್ಖಾನೆ ಎದ್ದಿತು.

ಹೊಸ ನಾಲೆಯನ್ನು ಯೋಚಿಸಿದವರು ಮಣ್ಣನ್ನು ಮರೆತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ನೆಲವನ್ನು ಮೂರು ಭಾಗ ಮಾಡಿ, ಒಂದಕ್ಕೆ ಕಬ್ಬು, ಒಂದಕ್ಕೆ ಭತ್ತ, ಮತ್ತೊಂದಕ್ಕೆ ಕಡಿಮೆ ನೀರಿನ ಬೆಳೆ. ಮೂರು ವರ್ಷಕ್ಕೊಮ್ಮೆ ಸರದಿ ತಿರುಗಬೇಕು ಎಂಬ ಪದ್ಧತಿಯನ್ನು ಅವರು ಗೊತ್ತುಮಾಡಿದ್ದರು. ಹಾಗೆ ಮಾಡಿದರೆ ನೀರು ಹೆಚ್ಚು ಜನಕ್ಕೆ ಹಂಚಿಕೆಯಾಗುತ್ತದೆ. ನೆಲಕ್ಕೂ ಉಸಿರಾಡಲು ಬಿಡುವು ಸಿಕ್ಕುತ್ತದೆ. ಬರಬರುತ್ತ ಆ ಕಟ್ಟು ಸಡಿಲಿತು. ಕಬ್ಬಿಗೆ ರೊಕ್ಕ ಬಂತು, ಕಬ್ಬೇ ಹೆಚ್ಚಿತು. ಬಸಿಗಾಲುವೆಗಳು ಹೂತುಹೋದ ತಗ್ಗುಗಳಲ್ಲಿ ನೀರು ನಿಂತು ನೆಲ ಚೌಳಾಯಿತು. ನೆಲದ ಮೇಲೆ ಬಿಳಿಯ ಉಪ್ಪು ಪದರಗಟ್ಟಿದ್ದನ್ನು ಕಂಡ ರೈತನ ಮುಖವನ್ನು ನೀವು ಊಹಿಸಿಕೊಳ್ಳಿ. ನೀರಿಲ್ಲದೆ ಅತ್ತವನ ಮಗ ನೀರು ಹೆಚ್ಚಾಗಿ ಅಳಬೇಕಾಯಿತು. ಹಳೆಯ ನಾಲೆಗಳ ನೆಲ ನದಿಯ ಅಂಚಿನ ಇಳಿಜಾರು. ಹೆಚ್ಚಾದ ನೀರು ತಾನೇ ಬಸಿದು ಹೊಳೆ ಸೇರುತ್ತದೆ. ಅರಕೆರೆಯಂಥ ಬಯಲಿಗೆ ಮುನ್ನೂರು ವರ್ಷದ ಬಾಳು ಬಂದದ್ದರಲ್ಲಿ ಈ ಇಳಿಜಾರಿನ ಪಾಲೂ ಇದೆ.

ವಿಜ್ಞಾನದಿಂದ ಬಂದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ವಿ. ಸಿ. ಫಾರಂನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯನೆಂದೇ ಹೆಸರಾದ ಮಹನೀಯರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಬಡವನ ಹಗೇವು ತುಂಬಿತು. 1960ರ ದಶಕದ ನಂತರ ಬಂದ ಗಿಡ್ಡ ಭತ್ತಗಳೂ ಹಸಿವನ್ನು ತಗ್ಗಿಸಿದವು. ಆದರೆ ಗಿಡ್ಡ ಭತ್ತಕ್ಕೆ ಹುಲ್ಲು ಕಡಿಮೆ. ಹುಲ್ಲು ಕಡಿಮೆಯಾದರೆ ದನ ಕಡಿಮೆ. ದನ ಕಡಿಮೆಯಾದರೆ ಗುಂಡಿ ಬರಿದು. ಚೀಲದ ಗೊಬ್ಬರ ಗುಂಡಿಯ ಜಾಗಕ್ಕೆ ಬಂತು, ಅಂಗಡಿಯ ಬೀಜ ಬುಟ್ಟಿಯ ಜಾಗಕ್ಕೆ. ಮೊದಲು ಬೆಳೆ ಹೋದರೆ ಒಂದು ವರ್ಷದ ಅನ್ನ ಹೋಗುತ್ತಿತ್ತು. ಈಗ ಬೆಳೆ ಹೋದರೆ ಅದರ ಮೇಲೆ ಸಾಲವೂ ಉಳಿಯುತ್ತದೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಬಯಲುಸೀಮೆಯಲ್ಲಿ ಹುಲ್ಲುಗಾವಲನ್ನು ಮಿತಿಮೀರಿ ಉತ್ತದ್ದರಿಂದ 1930ರ ದಶಕದಲ್ಲಿ ಮಣ್ಣು ಧೂಳಾಗಿ ಹಾರಿ, ಸಾವಿರಾರು ಕುಟುಂಬಗಳು ಗುಳೆ ಹೋದವು. 1935ರಲ್ಲಿ ಅಲ್ಲಿ ಭೂಸಂರಕ್ಷಣೆಗೆಂದೇ ಇಲಾಖೆ ಹುಟ್ಟಿತು. ಇಂಗ್ಲೆಂಡಿನ ಆಲ್ಬರ್ಟ್ ಹೋವರ್ಡ್ ಭಾರತಕ್ಕೆ ಬೇಸಾಯ ಕಲಿಸಲು ಬಂದವರು. ಕೊನೆಗೆ ಇಲ್ಲಿಯ ರೈತರೇ ತಮ್ಮ ಗುರುಗಳೆಂದು ಒಪ್ಪಿಕೊಂಡರು. 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದು ಅವರು ರೂಪಿಸಿದ ಕಾಂಪೋಸ್ಟ್ ವಿಧಾನ ನಮ್ಮ ತಿಪ್ಪೆಗುಂಡಿಯ ಹತ್ತಿರದ ನೆಂಟ. ವಿಶ್ವಸಂಸ್ಥೆ 2014ನ್ನು ಕುಟುಂಬ ಬೇಸಾಯದ ವರ್ಷವೆಂದೂ 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿತು. ನಮ್ಮ ರಾಗಿಯ ಹೊಲಕ್ಕೆ ಜಗತ್ತಿನ ಗೌರವ ಹೀಗೆ ತಡವಾಗಿ ಬಂತು.

ಈಗ ಅರಕೆರೆಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋಗೋಣ. ಬನ್ನೂರು ದಾಟಿ ಮಳವಳ್ಳಿಯ ಕಡೆಗೆ ತಿರುಗಿದರೆ ಕಿರುಗಾವಲು ಸಿಕ್ಕುತ್ತದೆ. ಅಲ್ಲಿ ಸೈಯದ್ ಘನಿ ಖಾನ್ ಎಂಬ ರೈತರ ಮನೆತನಕ್ಕೆ ಟಿಪ್ಪುವಿನ ಕಾಲದ್ದೆಂದು ಹೇಳುವ ಮಾವಿನ ತೋಪಿದೆ. ಹೆಸರು ಬಡಾ ಬಾಗ್. ಒಂದರಂತೆ ಇನ್ನೊಂದಿಲ್ಲದ ನೂರಕ್ಕೂ ಹೆಚ್ಚು ಬಗೆಯ ಮಾವು ಅಲ್ಲಿದೆ. ಅವರ ನಿಜವಾದ ಸಾಹಸ ಭತ್ತದಲ್ಲಿ. ಮರೆಯಾಗುತ್ತಿದ್ದ ನಾಟಿ ತಳಿಗಳನ್ನು ಊರೂರಿನಿಂದ ಹಿಡಿ ಹಿಡಿಯಾಗಿ ತಂದು, ಪುಟ್ಟ ಪುಟ್ಟ ಮಡಿಗಳಲ್ಲಿ ಬಿತ್ತಿ, ನೂರಾರು ತಳಿಗಳನ್ನು ಉಳಿಸಿ, ಮನೆಯಲ್ಲೇ ಭತ್ತದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬೀಜವನ್ನು ಡಬ್ಬಿಯಲ್ಲಿಟ್ಟರೆ ಸಾಲದು. ಅದು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಿತ್ತುತ್ತಲೇ ಇರಬೇಕು. ಒಂದು ಸಂಸಾರ ಒಂದು ವರ್ಷ ಕೈಬಿಟ್ಟರೂ ಕೆಲವು ತಳಿಗಳ ವಂಶವೇ ಮುಗಿದೀತು. ಪಣವಾಗಿ ಇರುವುದು ಅಷ್ಟು.

ಅದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರನ್ನು ನೀವು ರೇಡಿಯೋದಲ್ಲೇ ಕೇಳಿದ್ದೀರಿ. 2020ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳ ಬಾನುಲಿ ಮಾತಿನಲ್ಲಿ ಅವರ ಪ್ರಸ್ತಾಪ ಬಂತು. ಕುರಿ ಕಾಯುತ್ತಿದ್ದ ಆ ಹಿರಿಯರು ಬೆಟ್ಟದ ಇಳಿಜಾರಿನಲ್ಲಿ ಪ್ರಾಣಿ ಪಕ್ಷಿಗಳಿಗೆ ನೀರಿಲ್ಲವೆಂದು ಮರುಗಿ, ಸ್ವಂತ ದುಡಿಮೆಯಿಂದ ಒಂದರ ಹಿಂದೊಂದು ಕಟ್ಟೆ ತೋಡುತ್ತ ಹೋದರು, ಗಿಡಗಳನ್ನು ನೆಟ್ಟರು. 2022ರಲ್ಲಿ ಅವರು ತೀರಿಕೊಂಡರು. ಕಾವಲು, ಗೋಮಾಳಗಳು ಕರಗುತ್ತಿರುವ ಕಾಲದಲ್ಲಿ, ತನ್ನದಲ್ಲದ ನೆಲವನ್ನು ತನ್ನದೆಂದು ನೋಡಿಕೊಂಡವರು ಅವರು.

ಪಟ್ಟಣದಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ನಿಮ್ಮ ಮನೆಯ ಬೆಲ್ಲದ ಡಬ್ಬಿಯನ್ನು ತೆರೆದು ನೋಡಿ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವಾಗ ಹಿಂದಿನವರು ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದರು; ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು. ಪೇಟೆಯಲ್ಲಿ ಹಳದಿ ಬೆಲ್ಲಕ್ಕೇ ಬೆಲೆ ಎಂದಾದ ಮೇಲೆ ಬಣ್ಣ ಕೊಡುವ ರಾಸಾಯನಿಕ ಕೊಪ್ಪರಿಗೆಗೆ ಬಂತು. ಅದನ್ನು ಬೆರೆಸಿದ ಕೈ ಹಳ್ಳಿಯದು. ಬೆರೆಸು ಎಂದ ಕಣ್ಣು ಪಟ್ಟಣದ್ದು. ಅಕ್ಕಿಯ ಕಥೆಯೂ ಇದೇ. ಮಲ್ಲಿಗೆಯಂತೆ ಬೆಳ್ಳಗಿರಬೇಕೆಂದು ನಾವು ಹಟ ಹಿಡಿದದ್ದರಿಂದ ರಾಜಮುಡಿಯ ಕೆಂಪು ಅಕ್ಕಿ ಗದ್ದೆಯಿಂದ ಹೊರಟುಹೋಯಿತು. ಈಚೆಗೆ ನಾವು ಮತ್ತೆ ಕೇಳತೊಡಗಿದ್ದರಿಂದ ಮೆಲ್ಲಗೆ ಹಿಂದಿರುಗುತ್ತಿದೆ.

ಮುಂದಿನ ಸಲ ಬನ್ನೂರಿನ ದಾರಿಯಲ್ಲಿ ಹೋಗುವಾಗ ಅರಕೆರೆಯ ಬಳಿ ಸ್ವಲ್ಪ ಇಳಿದು ನಾಲೆಯ ಏರಿಯ ಮೇಲೆ ನಿಲ್ಲಿ. ಒಡ್ಡು ಕಟ್ಟಿಸಿದ ಅರಸರ ಹೆಸರು ಪುಸ್ತಕದಲ್ಲಿದೆ. ಗುಂಡಿಗೆ ಬೂದಿ ಸುರಿದವರ, ಸಡ್ಡೆಯಲ್ಲಿ ಅವರೆ ಬಿಟ್ಟವರ, ರಾತ್ರಿ ಲಾಂದ್ರ ಹಿಡಿದು ತೂಬು ತೆಗೆದವರ ಹೆಸರು ಎಲ್ಲಿಯೂ ಇಲ್ಲ. ಅವರು ಬರೆದಿಟ್ಟದ್ದು ಆ ಮಣ್ಣೊಂದೇ. ಅದನ್ನು ಮುಂದಿನವರು ಓದುವಂತೆ ಇಡುವ ಕೆಲಸ, ಗದ್ದೆ ಉಳುವವನದು ಅರ್ಧ. ಉಣ್ಣುವ ನಮ್ಮದು ಅರ್ಧ.